ಮಂಗಳವಾಗದ ಪುಸ್ತಕ

ರೊಟ್ಟಿ ಬಡಿಯುವ ಕೈಗೆ ಪುಸ್ತಕ ಯಾಕೆ ಎಂದು ಕೇಳಿದವರಲ್ಲಿ ನಮ್ಮ ಕಾಕಾನೂ ಒಬ್ಬ. ಅವನಿಗೆ ತನ್ನ ಸಹಿ ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ, ಆದರೆ ಮಾತಿಗೇನು ಕೊರತೆ? ದುಂಡವ್ವ ಇಂಥವರಿಗೆ ಉತ್ತರ ಕೊಡುತ್ತಿರಲಿಲ್ಲ. ಮೂಡಲಗಿಯ ಖಾನಾವಳಿಯೊಂದರಲ್ಲಿ ದಿನವಿಡೀ ಜೋಳದ ರೊಟ್ಟಿ ಬಡಿದು, ಸಂಜೆ ಕೈ ತೊಳೆದು, ವಾಚನಾಲಯದ ಪಡಸಾಲೆಯಲ್ಲಿ ನಡೆಯುತ್ತಿದ್ದ ದೊಡ್ಡವರ ಸಾಲೆಗೆ ಹೋಗುತ್ತಿದ್ದಳು. ಆಗಿನ್ನೂ ಮುಂಬಯಿ ಸರಕಾರದ ಕಾಲ. ನಲವತ್ತರ ಅಂಚಿನ ವಿಧವೆ, ಅಕ್ಷರ ತಿದ್ದಿ ತಿದ್ದಿ ಕೊನೆಗೂ ಕೂಡಿಸಿ ಓದುವಷ್ಟಾದಳು. ಕಲಿಸಿದವರು ಯಲ್ಲಾರಿ ಮಾಸ್ತರರು. ವಾಚನಾಲಯದಲ್ಲಿ ಪುಸ್ತಕ ಕೊಡುವ ಕೆಲಸವೂ ಅವರದೇ.

ಆ ವಾಚನಾಲಯವನ್ನು ಪೇಟೆಯ ಮಂದಿ ವರ್ಗಣಿ ಹಾಕಿ, ಅಂದರೆ ತಮ್ಮತಮ್ಮಲ್ಲೇ ಹಣ ಕೂಡಿಸಿ, ನಡೆಸುತ್ತಿದ್ದರು. ಒಯ್ದ ಪುಸ್ತಕ ಹದಿನೈದು ದಿನಕ್ಕೆ ತಿರುಗಿ ಬರಬೇಕು, ಇಲ್ಲವಾದರೆ ದಿನದಿನಕ್ಕೆ ದಂಡ. ಇನ್ನಷ್ಟು ದಿನ ಬೇಕೆಂದರೆ ಪುಸ್ತಕವನ್ನು ತಂದು ತೋರಿಸಬೇಕು. ಒಂದು ಶ್ರಾವಣದಲ್ಲಿ ದುಂಡವ್ವ ಅಲ್ಲಿಂದ ಒಂದು ಪುರಾಣ ತಂದು ಓಣಿಯ ಹೆಂಗಸರಿಗೆ ಓದಿ ಹೇಳತೊಡಗಿದಳು. ಎಡವುತ್ತ ಓದುತ್ತಿದ್ದಳು, ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ನಮ್ಮ ಓಣಿಯ ರೂಢಿ ಹೀಗೆ: ಪುರಾಣ ಹಿಡಿದ ಮೇಲೆ ಮಂಗಳವಾಗಬೇಕು. ಅಂದರೆ ಕೊನೆಯ ಅಧ್ಯಾಯ ಓದಿ ಆರತಿ ಬೆಳಗುವ ತನಕ ಪುಸ್ತಕ ದೇವರ ಜಗಲಿಯ ಮೇಲಿರಬೇಕು, ಹೊಸ್ತಿಲು ದಾಟುವಂತಿಲ್ಲ. ಅರ್ಧ ಪುರಾಣ ಆಗಿತ್ತು, ಕೊಣ್ಣೂರಿನಲ್ಲಿ ಅವಳ ಗಂಡನ ಅಣ್ಣ ತೀರಿಕೊಂಡ. ಸೂತಕದಲ್ಲಿ ಜಗಲಿ ಮುಟ್ಟುವಂತಿಲ್ಲ. ಸೂತಕ ಕಳೆಯುವಷ್ಟರಲ್ಲಿ ಶ್ರಾವಣವೂ ಕಳೆಯಿತು. ಓಣಿಯ ಹಿರಿಯಳು ಭರಮವ್ವ ತೀರ್ಪು ಕೊಟ್ಟಳು.

"ಶ್ರಾವಣದಾಗ ಹಿಡದದ್ದು ಶ್ರಾವಣದಾಗ ಮುಗೀಬೇಕವಾ. ಬರೂ ವರ್ಷದ ಮಟಾ ಅದನ್ನ ಅಲುಗಾಡಿಸಬ್ಯಾಡ."

ಭರಮವ್ವನಿಗೇನು, ದಂಡ ಅವಳ ಹೆಸರಿನಲ್ಲಿ ಬೀಳುತ್ತಿರಲಿಲ್ಲ.

ಯಲ್ಲಾರಿ ಮಾಸ್ತರರು ದಾರಿ ಕಾದು ಕಾದು ಒಂದು ದಿನ ತಾವೇ ದುಂಡವ್ವನ ಮನೆಗೆ ಬಂದರು. ಜಗಲಿಯ ಮೇಲೆ ಪುಸ್ತಕಕ್ಕೆ ಭಂಡಾರದ ಅರಿಸಿನ, ಕುಂಕುಮ, ಹೂವು.

"ಅಕ್ಕಾ, ಒಂದ ಸಲ ತಂದು ತೋರಿಸಿದ್ರ ಸಾಕು, ಮತ್ತ ಬರದ ಕೊಡ್ತೇನಿ. ಹೊಳ್ಳಿ ತಂದ ಇಡೀಯಂತ."

"ಮಾಸ್ತರ್ರ, ನಾ ಹೆಂಗ ಮುಟ್ಟಲ್ರಿ? ನೀವ ಬೇಕಾದ್ರ ಒಯ್ರಿ."

ಮಾಸ್ತರರು ಕೈ ಮುಂದೆ ಮಾಡಿದರು, ಹಿಂದೆ ತೆಗೆದುಕೊಂಡರು. ಕೊನೆಗೆ ಪುಸ್ತಕಕ್ಕೆ ಕೈಮುಗಿದು ಬರಿಗೈಯಲ್ಲಿ ಹೊರಟರು. ಪಾಪ, ಅವರೂ ಇದೇ ನೀರು ಕುಡಿದು ಬೆಳೆದವರು.

ಮರುವರ್ಷ ಮಂಗಳವಾಯಿತು. ದುಂಡವ್ವ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಚನಾಲಯಕ್ಕೆ ಹೋದಳು. ವರ್ಷದ ದಂಡ, ಅದರ ಮೇಲೆ ಕುಂಕುಮದ ಕಲೆಗೆ ಪುಸ್ತಕದ ಬೆಲೆ. ಅವಳ ಎರಡು ತಿಂಗಳ ಪಗಾರಕ್ಕೂ ಮೀರಿತ್ತು. ದಂಡ ಕಟ್ಟುವ ತನಕ ಬೇರೆ ಪುಸ್ತಕವಿಲ್ಲ. ಮಾಸ್ತರರು ಕಮಿಟಿಯ ಅಧ್ಯಕ್ಷರ ಮನೆಗೆ ಅಲೆದರು.

"ಈಕಿಗೆ ಬಿಟ್ರ ನಾಳಿ ಎಲ್ಲಾರೂ ಪುಸ್ತಕಕ್ಕ ಕುಂಕುಮ ಹಚ್ಚಿ ತರ್ತಾರ್ರಿ," ಎಂದರು ಅಧ್ಯಕ್ಷರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ಕಮಿಟಿ ಕೊಡಲಿಲ್ಲ.

ತಾವೇ ಕಟ್ಟುತ್ತೇನೆಂದು ಮಾಸ್ತರರು ಹೇಳಿದ್ದಕ್ಕೆ ದುಂಡವ್ವ ಒಪ್ಪಲಿಲ್ಲ. "ಅಕ್ಷರಾನೂ ನೀವ ಕೊಟ್ರಿ, ದಂಡಾನೂ ನೀವ ಕಟ್ಟಿದ್ರ ನಾ ಯಾವ ಮಾರಿ ತಗೊಂಡ ಬರ್ಲಿ?" ಅಂದಳು. ಪುರಾಣ ಕೇಳಿದ ಹೆಂಗಸರು ಪುಣ್ಯದಲ್ಲಿ ಪಾಲು ತಗೊಂಡಿದ್ದರು. ದಂಡದ ಮಾತು ಬಂದಾಗ ಎಲ್ಲರಿಗೂ ಒಲೆಯ ಮೇಲೆ ಏನೋ ಹೊತ್ತುತ್ತಿತ್ತು. ನನಗೆ ಇಂದಿಗೂ ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ದೊಡ್ಡವರ ಸಾಲೆ ಅಷ್ಟರಲ್ಲಿ ನಿಂತುಹೋಗಿತ್ತು. ವಾಚನಾಲಯದ ಒಳಗೆ ಕುಳಿತು ಓದಲು ದಂಡದ ಅಡ್ಡಿ ಇರಲಿಲ್ಲ. ಒಂದು ಸಂಜೆ ಹೋದಳು ಕೂಡ. ಬೀಡಿಯ ಹೊಗೆಯ ನಡುವೆ ಪೇಪರು ಹಿಡಿದ ಗಂಡಸರೆಲ್ಲ ಓದು ಬಿಟ್ಟು ಅವಳನ್ನೇ ನೋಡಿದರು. ಖಾನಾವಳಿಯಲ್ಲಿ ಅವಳು ಬಡಿದ ರೊಟ್ಟಿ ಉಂಡವರೇ ಹಲವರು. ಒಬ್ಬ ನಕ್ಕ. ಸೆರಗು ಎಳೆದುಕೊಂಡು ಹೊರಬಂದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಕೆಲವು ಕಾಲ ಸಂತೆಯ ಸಾಮಾನು ಕಟ್ಟಿದ ಪುಡಿಕೆಯ ಕಾಗದ ಬಿಡಿಸಿ ನೋಡುತ್ತಿದ್ದಳು. ನಮ್ಮ ಕಡೆ ಪುಡಿಕೆಗೆ ಬರುತ್ತಿದ್ದುದು ಹೆಚ್ಚಾಗಿ ಮರಾಠಿ ಪೇಪರು. ಅದು ಅವಳಿಗೆ ಕಪ್ಪು ಗೆರೆ ಅಷ್ಟೇ. ಆಮೇಲೆ ಅದನ್ನೂ ಬಿಟ್ಟಳು.

ವರ್ಷಗಳು ಹೋದವು, ಮೈಸೂರು ರಾಜ್ಯವಾಯಿತು, ಕಮಿಟಿ ಬದಲಾಯಿತು. ಹೊಸಬರು ಹಳೆಯ ದಂಡವನ್ನೆಲ್ಲ ಹೊಡೆದುಹಾಕಿದರು. ಯಲ್ಲಾರಿ ಮಾಸ್ತರರು ಅಂದೇ ಒಂದು ಹೊಸ ಕಥೆಯ ಪುಸ್ತಕ ಹಿಡಿದು, ಬಿಸಿಲಲ್ಲಿ ಖಾನಾವಳಿಯ ಹಿತ್ತಲಿಗೆ ಓಡಿ ಬಂದರು. ದುಂಡವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆರೆದಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ತುಟಿ ಅಲುಗಿತು, ಒಂದು ಅಕ್ಷರ ಹೊರಗೆ ಬಂತು. ಬೆರಳು ಮುಂದೆ ಹೋಯಿತು, ಬಾಯಿ ಹೋಗಲಿಲ್ಲ.

"ಅಕ್ಷರ ನೆನಪ ಹಾರ್ಯಾವ್ರಿ ಮಾಸ್ತರ್ರ," ಅಂದಳು.

"ಮತ್ತ ಬರ್ತಾವಕ್ಕಾ. ಇಟ್ಕೋ, ಸಾವಕಾಶ ಓದು."

ಅವಳು ಪುಸ್ತಕವನ್ನು ಮುಚ್ಚಿ, ಹತ್ತಿದ ಹಿಟ್ಟನ್ನು ಊದಿ, ಅವರ ಕೈಗಿಟ್ಟಳು.

"ಬ್ಯಾಡ್ರಿ. ಓದಾಕ ಬರೂದಿಲ್ಲ, ಇಟ್ಕೊಂಡ್ರ ಮತ್ತ ದಂಡ ಬೀಳತೈತಿ."