ಕಪಿತಾನರು ಕಡ ಕೊಟ್ಟ ಗೋರಿ

ಲಗೂನಾ ಸರೋವರದ ದಂಡೆಯ ನಮ್ಮ ಊರಿಗೆ ಫೌಸ್ತಿನೋ ಬಾಲ್ದೆರಾಮಾ ಅವರು ಕಪಿತಾನರಾಗಿ, ಅಂದರೆ ಚುನಾಯಿತ ಮುಖಂಡರಾಗಿ, ಮೆರೆದು ಇಳಿದು ಬಹಳ ಕಾಲವಾಗಿತ್ತು. ಕುರ್ಚಿ ಅವರನ್ನು ಬಿಟ್ಟಿತ್ತು, ಅವರು ಮಾತ್ರ ಮೈಕನ್ನು ಬಿಟ್ಟಿರಲಿಲ್ಲ. ಮದುವೆ, ನಾಮಕರಣ, ಬ್ಯಾಸ್ಕೆಟ್‌ಬಾಲ್ ಪಂದ್ಯ, ಎಲ್ಲಿ ವೈರು ಎಳೆದಿದ್ದಾರೋ ಅಲ್ಲಿ ಅವರು ಹಾಜರು.

ಹೆಂಡತಿ ಲುಮಿಂಗ್ ತೀರಿಕೊಂಡಾಗ ಅವಳ ಗೋರಿಗೆ ಅಂಟಿಸಿಕೊಂಡೇ ತಮಗೂ ಒಂದನ್ನು ಕಟ್ಟಿಸಿಟ್ಟಿದ್ದರು. ಅಮೃತಶಿಲೆಯ ಹಲಗೆಯ ಮೇಲೆ ಹೆಸರು, ಹುದ್ದೆ, ಹುಟ್ಟಿದ ಇಸವಿ, ಒಂದು ಅಡ್ಡಗೆರೆ; ಗೆರೆಯಾಚೆ ಖಾಲಿ. ಪ್ರತಿ ನವೆಂಬರ್ ಒಂದರಂದು ಇಡೀ ಊರು ಮೇಣದಬತ್ತಿ, ಹೂವು, ಊಟದ ಡಬ್ಬಿ ಹಿಡಿದು ತಮ್ಮ ತಮ್ಮ ಸತ್ತವರ ಜತೆ ದಿನ ಕಳೆಯಲು ಸ್ಮಶಾನಕ್ಕೆ ಬಂದಾಗ, ಕಪಿತಾನರು ತಮ್ಮ ಗೋರಿಯ ಮೇಲೆ ತಾವೇ ಕಾಲು ಇಳಿಬಿಟ್ಟು ಕೂತು ಬಂದವರ ನಮಸ್ಕಾರ ಸ್ವೀಕರಿಸುತ್ತಿದ್ದರು. ಉಳಿದವರಿಗೆ ಸತ್ತ ಮೇಲೆ ಸಿಗುವ ಮರ್ಯಾದೆಯನ್ನು ಅವರು ಮುಂಗಡವಾಗಿ ವಸೂಲು ಮಾಡಿಕೊಳ್ಳುತ್ತಿದ್ದರು.

ಒಳಗಿನ ಆಸೆ ಬೇರೆಯೇ ಇತ್ತು. ಸಭೆ ಸಮಾರಂಭ ಎಂದು ಅಲೆದು, ಲುಮಿಂಗ್ ಇದ್ದಾಗ ಮನೆಯಲ್ಲಿ ಕೂತದ್ದೇ ಕಡಿಮೆ. ಇನ್ನಾದರೂ ಅವಳ ಪಕ್ಕ ಸುಮ್ಮನೆ ಬಿದ್ದುಕೊಂಡಿರಬೇಕು. ಇದೊಂದನ್ನು ಅವರು ಯಾವ ಸಭೆಯಲ್ಲೂ ಹೇಳಿದವರಲ್ಲ.

ಹೇಳಬಾರದ್ದನ್ನು ಮಾತ್ರ ಹೇಳಿಬಿಟ್ಟರು. ಹೋದ ವರ್ಷ ಪಾದ್ರಿಗಳು ಗೋರಿಗಳಿಗೆ ತೀರ್ಥ ಚಿಮುಕಿಸಿದ ಮೇಲೆ, ಸ್ಮಶಾನ ತುಂಬಿಹೋಗಿದೆ, ಇನ್ನು ಸಾಯುವವರ ಗತಿಯೇನು ಎಂದು ಜನ ಗೊಣಗಿದರು. ಕಪಿತಾನರು ಮೈಕು ಕಿತ್ತುಕೊಂಡು ಗುಡುಗಿದರು: "ಜಾಗ ಇಲ್ಲ ಅಂತ ಯಾರೂ ಅಳಬೇಡಿ! ನನ್ನ ಗೋರಿ ನಿಮ್ಮದೇ ಅಂದ್ಕೊಳ್ಳಿ! ಬೇಕಾದವರು ಬಂದು ಮಲಗಿ!" ಚಪ್ಪಾಳೆಯೋ ಚಪ್ಪಾಳೆ.

ಈ ವರ್ಷ ಅಕ್ಟೋಬರ್ ಕೊನೆಗೆ ದಾಮ್ಯಾನ್ ಸತ್ತ. ಪ್ರತಿ ಚುನಾವಣೆಯಲ್ಲೂ ಕಪಿತಾನರ ಎದುರು ನಿಂತು ಸೋತವನು. ಅದಕ್ಕೂ ಹಿಂದೆ, ಹರೆಯದಲ್ಲಿ, ಲುಮಿಂಗಳ ಕಿಟಕಿಯ ಕೆಳಗೆ ಗಿಟಾರ್ ಹಿಡಿದು ಹಾಡಿದವನು. ಚೆನ್ನಾಗಿಯೇ ಹಾಡುತ್ತಿದ್ದ, ತೊಂದರೆ ಅದೇ.

ಸಾವಿನ ಮನೆಯ ಅಂಗಳದಲ್ಲಿ ಕಪಿತಾನರು ಕಾಫಿ ಹೀರುತ್ತಿದ್ದಾಗ ದಾಮ್ಯಾನನ ಹೆಂಡತಿ ಚೋಲೆಂಗ್ ಎದುರು ಬಂದು ನಿಂತಳು.

"ಕಪಿತಾನ್ರೇ, ಇವರನ್ನ ಇಡೋಕೆ ಎಲ್ಲೂ ಜಾಗ ಸಿಗ್ತಿಲ್ಲ. ಹೋದ ವರ್ಷ ನೀವು ಹೇಳಿದ್ರಲ್ಲ..."

"ಅದು ಭಾಷಣ, ಚೋಲೆಂಗ್."

"ಭಾಷಣಾನೇ. ಇವರು ಎದ್ದು ನಿಂತು ಚಪ್ಪಾಳೆ ಹೊಡೆದಿದ್ರು. ನಿಮ್ಮ ಮಾತಿಗೆ ಇವರು ಚಪ್ಪಾಳೆ ಹೊಡೆದದ್ದು ಅದೊಂದೇ ಸಲ."

ಹೆಣ ಕಾಯಲು ಕೂತು, ಊರ ಪದ್ಧತಿಯಂತೆ ಇಸ್ಪೀಟಾಡುತ್ತಿದ್ದವರ ಕೈ ನಿಂತಿತು. "ನಮ್ಮ ಕಪಿತಾನ್ರು ಆಡಿದ ಮಾತು ತಪ್ಪೋರಲ್ಲ ಬಿಡಮ್ಮ!" ಎಂದು ಒಬ್ಬ ಬೇಕೆಂದೇ ಎತ್ತರದ ದನಿಯಲ್ಲಿ ಹೇಳಿದ. ಕಪಿತಾನರು ಎದೆ ಉಬ್ಬಿಸಿ, "ಧಾರಾಳವಾಗಿ!" ಎಂದರು. ಎದೆ ಉಬ್ಬಿಸಿದ್ದು ಅಭ್ಯಾಸಬಲದಿಂದ.

ಕರಾರು ತಿಳಿದದ್ದು ಪಾದ್ರಿಗಳಿಂದ. ಒಮ್ಮೆ ಮುಚ್ಚಿದ ಗೋರಿಯನ್ನು ಐದು ವರ್ಷ ತೆರೆಯುವಂತಿಲ್ಲ.

"ಅಷ್ಟರಲ್ಲಿ ನನಗೇನಾದ್ರೂ ಆದ್ರೆ, ಫಾದರ್?"

"ಆಗದ ಹಾಗೆ ನೋಡ್ಕೊಳ್ಳಿ. ಇಲ್ಲಾಂದ್ರೆ ನೀವೂ ಯಾರನ್ನಾದ್ರೂ ಕೇಳ್ಬೇಕಾಗುತ್ತೆ."

ಮಗಳು ನೆನಿತಾ ಮನೆಯಲ್ಲಿ ಮಂಗಳಾರತಿ ಮಾಡಿದಳು. "ಮೈತುಂಬ ಸಕ್ಕರೆ ಕಾಯಿಲೆ ಇಟ್ಕೊಂಡು ಗೋರಿ ದಾನ ಮಾಡೋಕೆ ಹೋಗಿದ್ದೀರಲ್ಲ ಅಪ್ಪಾ! ನಾಳೆ ನೀವೇ ಹೋದ್ರೆ ಅಮ್ಮನ ಪಕ್ಕ ಬಿಟ್ಟು ಎಲ್ಲಿಗೆ ಹಾಕ್ಲಿ?" ಕಪಿತಾನರಿಗೆ ಆ ಇಡೀ ದಿನ ಅನ್ನ ಸೇರಲಿಲ್ಲ.

ನವೆಂಬರ್ ಒಂದು ಬಂತು. ಹೋಗಿ ನೋಡಿದರೆ ಅಮೃತಶಿಲೆಯ ಹಲಗೆ ಕಾಣುತ್ತಲೇ ಇಲ್ಲ. ಅದರ ಮೇಲೆ ದಾಮ್ಯಾನನ ಹಳೆಯ ಚುನಾವಣೆಯ ಬ್ಯಾನರ್ ಕಟ್ಟಿದ್ದಾರೆ. ಹೆಬ್ಬೆರಳೆತ್ತಿ ಹಲ್ಲುಕಿರಿಯುತ್ತಿರುವ ದಾಮ್ಯಾನ್, ಕೆಳಗೆ ದಪ್ಪಕ್ಷರದಲ್ಲಿ 'ಸದಾ ನಿಮ್ಮ ಪಕ್ಕದಲ್ಲೇ'. ಪಕ್ಕದಲ್ಲಿ ಲುಮಿಂಗ್.

"ಏನ್ ಕಪಿತಾನ್ರೇ, ನಿಂತೇ ಇದ್ದೀರಿ? ಮನೆ ಬಾಡಿಗೆಗೆ ಬಿಟ್ರಂತೆ!" ಎಂದು ದಾರಿಹೋಕರು ನಕ್ಕರು. ಕಪಿತಾನರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಎರಡು ಗೋರಿಗಳ ಬುಡದಲ್ಲಿ ಕಾವಲುಗಾರನಂತೆ ಕೂತರು. ಚೋಲೆಂಗ್ ಹೂವಿಗೆ ನೀರು ತರಲು ಎದ್ದುಹೋದದ್ದೇ ತಡ, ಹೆಂಡತಿಯ ಗೋರಿಯತ್ತ ಬಾಗಿ ಪಿಸುಗುಟ್ಟಿದರು.

"ಲುಮಿಂಗ್, ಅವನೇನಾದ್ರೂ ಹಾಡೋಕೆ ಶುರುಮಾಡಿದ್ರೆ ಕಿವಿಗೊಡಬೇಡ ಕಣೇ. ನಾನು ಬರ್ತೀನಿ."

"ಹಾಡು ಮದುವೆಯಾದ ಮೇಲೆ ನಿಂತೇಹೋಯ್ತು ಕಪಿತಾನ್ರೇ. ಆಮೇಲೆ ಬರೀ ಗೊರಕೆ. ಲುಮಿಂಗಕ್ಕಂಗೇ ಕಷ್ಟ."

ಚೋಲೆಂಗ್ ಬಿಂದಿಗೆ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. ಕಪಿತಾನರ ಕಿವಿ ಕೆಂಪಾಯಿತು. ಅವಳು ನೀರು ಹಾಕುತ್ತ, ಅವರತ್ತ ನೋಡದೆಯೇ ಮುಂದುವರಿಸಿದಳು.

"ನಿಮಗೊಬ್ಬರಿಗೇ ಹೊಟ್ಟೆ ಉರಿಯುತ್ತೆ ಅಂದ್ಕೊಂಡ್ರಾ? ಜೀವಮಾನ ಪೂರ್ತಿ ಈ ಮನುಷ್ಯ ಆ ಕಿಟಕಿ ಇರೋ ಬೀದೀಲಿ ಹೋಗುವಾಗೆಲ್ಲ ನಡಿಗೆ ನಿಧಾನ ಮಾಡ್ತಿದ್ದ. ಈಗ ನಾನೇ ಕರ್ಕೊಂಡ್ಬಂದು ಅವಳ ಪಕ್ಕ ಮಲಗಿಸಿದ್ದೀನಿ. ಬೇರೆ ಒಂದು ಗೇಣು ಜಾಗ ಸಿಕ್ಕಿದ್ರೆ ನಿಮ್ಮ ಮುಂದೆ ಬಂದು ನಿಲ್ತಿದ್ನಾ?"

ಕಪಿತಾನರಿಗೆ ಇದು ಹೊಳೆದೇ ಇರಲಿಲ್ಲ. ಎದ್ದು, ಕುರ್ಚಿಯನ್ನು ಅವಳತ್ತ ಸರಿಸಿದರು. ಆಮೇಲೆ ಒಂದು ಮೇಣದಬತ್ತಿ ಹಚ್ಚಿ, ಸ್ವಲ್ಪ ಅನುಮಾನಿಸಿ, ದಾಮ್ಯಾನನ ಹೆಬ್ಬೆರಳಿನ ಕೆಳಗೆ ನೆಟ್ಟರು.

ಮಧ್ಯಾಹ್ನ ಎರಡೂ ಮನೆಯವರು ಡಬ್ಬಿ ಬಿಚ್ಚಿದರು. ಕಪಿತಾನರ ಕೈ ಸುಟ್ಟ ಹಂದಿಯ ಗರಿಗರಿ ಚರ್ಮದತ್ತ ಹೋಯಿತು. ಚೋಲೆಂಗ್ ತಟ್ಟೆಯನ್ನೇ ಎಳೆದುಕೊಂಡಳು.

"ಇವರನ್ನ ಐದು ವರ್ಷ ಎಬ್ಬಿಸೋಕಾಗಲ್ಲ. ನೀವು ಈಗಲೇ ಬಂದುಬಿಟ್ರೆ ನಾನೇನು ಮಾಡ್ಲಿ? ಸೌತೆಕಾಯಿ ತಿನ್ನಿ."

"ಒಂದೇ ಒಂದು ಚೂರು, ಚೋಲೆಂಗ್..."

"ಬಾಯಿಗಿಟ್ರೆ ಲುಮಿಂಗಕ್ಕಂಗೆ ಹೇಳ್ತೀನಿ."

ಕಪಿತಾನರು ಸೌತೆಕಾಯಿ ಕಚ್ಚಿದರು. ಮರುದಿನ ಬೆಳಗ್ಗೆಯಿಂದ ಸರೋವರದ ದಂಡೆಯಲ್ಲಿ ಕೈ ಬೀಸಿಕೊಂಡು ನಡೆಯತೊಡಗಿದರು. ಸಿಹಿ ಬಿಟ್ಟರು, ಎಣ್ಣೆ ಬಿಟ್ಟರು, ಡಾಕ್ಟರು ಕರೆಯುವ ಮೊದಲೇ ಹೋಗಿ ಬಾಗಿಲಲ್ಲಿ ಕೂತರು. ಅವರ ಎಲ್ಲ ಚುನಾವಣೆಗಳನ್ನೂ ಕಂಡ ಊರಿನವರು ಹೇಳುವ ಪ್ರಕಾರ, ಯಾವ ಹುದ್ದೆಗಾಗಿಯೂ ಅವರು ಇಷ್ಟು ಪ್ರಾಮಾಣಿಕವಾಗಿ ದುಡಿದದ್ದಿಲ್ಲ.