ಮಾಗಳಿ ಬೇರಿನ ಎಣ್ಣೆ

ಮಾಗಳಿ ಬೇರಿನ ಉಪ್ಪಿನಕಾಯಿ ಜಾಡಿ ತೆಗೆದರೆ ಸಾಕು, ನನ್ನ ಗಂಡ ತಟ್ಟೆ ಎತ್ತಿಕೊಂಡು ಜಗುಲಿಗೆ ಹೋಗುತ್ತಾರೆ. ಗೆಡ್ಡೆಯಂತೆ ದಪ್ಪಗಿರುವ ಆ ಬೇರಿನ ಘಮ ಅವರಿಗೆ ತಿಗಣೆ ವಾಸನೆ. ರಕ್ತಶುದ್ಧಿಗೆ, ಮೈ ತಂಪಿಗೆ ಎಂದು ಬೇಲೂರಿನ ನನ್ನ ತವರಿನಲ್ಲಿ ತಲೆಮಾರುಗಳಿಂದ ತಿಂದ ಬೇರು ಅದು. ನಾನು ಅರಸೀಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಮಾಗಳಿಯಲ್ಲಿ ಆಂಟಿಆಕ್ಸಿಡೆಂಟ್ ಹೇರಳವಾಗಿದೆ, ಎಣ್ಣೆ ಗಾಳಿ ತಾಗಿ ಕೆಡುವುದನ್ನು ಅದು ತಡೆಯುತ್ತದೆ ಎಂದರೆ ಅವರು ನಗುತ್ತಿದ್ದರು.

"ಬಾಯಲ್ಲಿ ಹೇಳಿದ್ರೆ ಆಗಲ್ಲ ಕಣೇ, ತೋರಿಸು."

ತೋರಿಸಲು ಹೊರಟೆ. ಮನೆಯ ಕೊಬ್ಬರಿ ಎಣ್ಣೆಯನ್ನು ಎರಡು ಸೀಸೆಗೆ ಸುರಿದು, ಒಂದಕ್ಕೆ ಒಣಗಿದ ಮಾಗಳಿ ಚೂರು ಹಾಕಿ, ಬೇಸಿಗೆಯಿಡೀ ಅಡುಗೆಮನೆ ಕಿಟಕಿಯಲ್ಲಿಟ್ಟೆ. ಯಾವುದು ಮೊದಲು ಕಮಟು ಹಿಡಿಯುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂಸಿದಾಗಲೆಲ್ಲ ಮಾಗಳಿ ಹಾಕಿದ್ದು, ಬೇರಿನ ಘಮ ಬಿಟ್ಟರೆ, ಹೊಸ ಎಣ್ಣೆಯಂತೆಯೇ ಇತ್ತು.

ಮೊದಲ ಮಳೆ ಬಿದ್ದ ಭಾನುವಾರ ನೋಡಿದರೆ ಕಿಟಕಿಯಲ್ಲಿ ಒಂದೇ ಸೀಸೆ.

"ಇನ್ನೊಂದೆಲ್ರೀ?"

"ನೀನು ಬೇರು ಹಾಕಿದ್ದು ಕೆಟ್ಟು ನಾರ್ತಿತ್ತು, ತೆಂಗಿನ ಬುಡಕ್ಕೆ ಸುರಿದೆ. ಚೆನ್ನಾಗಿರೋದನ್ನ ಉಳಿಸಿದೀನಿ, ನೋಡು."

ಉಳಿದ ಸೀಸೆಯ ಮುಚ್ಚಳ ತೆಗೆದೆ. ಹಳೇ ಕೊಬ್ಬರಿಯ ಕಮಟು ಮೂಗಿಗೆ ಬಡಿಯಿತು. ಇವರು ಅದೇ ಎಣ್ಣೆಯನ್ನು ತಲೆಗೆ ತಟ್ಟಿಕೊಂಡು, ಕ್ರಾಪು ಬಾಚಿ ಊಟಕ್ಕೆ ಕೂತಿದ್ದರು.

ಮೊಸರನ್ನಕ್ಕೆ ಒಂದಿಷ್ಟು ಮಾಗಳಿ ಬೇರು ಹಾಕಿಕೊಂಡೆ. ಅವತ್ತು ತಟ್ಟೆ ಎತ್ತಿಕೊಂಡು ಜಗುಲಿಗೆ ಹೋದವಳು ನಾನು.