ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ

ಹೋದ ವಾರ ಮೊಬೈಲ್ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯಾತ ಒಳಗಿನ ತಂತಿಗೆ ಬೆಸುಗೆ ಹಾಕಿದಾಗ ಎಳೆಯಷ್ಟು ಹೊಗೆ ಎದ್ದು, ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು. ಬಿಲ್ ಕೇಳುವುದನ್ನೂ ಮರೆತು ನಿಂತೆ. ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆಗಿದ್ದ ಕಾಕಾನ ಕೋಣೆಯ ವಾಸನೆ ಅದು…

ಕಾಕಾ ಮೊದಲು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಐವತ್ತು ದಾಟಿದ ಮೇಲೆ ಯಾರೋ ಕೆಟ್ಟುಹೋಯಿತೆಂದು ಬಿಟ್ಟ ಸಿಂಥಸೈಜರ್ ಒಂದನ್ನು ತಂದು, ಬಿಚ್ಚಿ, ತಾವೇ ಸರಿಮಾಡಿಕೊಂಡರು. ಆಮೇಲೆ ಅದರಲ್ಲೇ ಧ್ಯಾನದ ಸಂಗೀತ ಮಾಡತೊಡಗಿದರು. ಬೆಳಗಾವಿಯ ಯೋಗ ಕ್ಲಾಸುಗಳಲ್ಲಿ, ಹಲ್ಲಿನ ಡಾಕ್ಟರರ ಕಡೆ ಕಾಯುವ ಕೋಣೆಗಳಲ್ಲಿ ಅವರ ಸಂಗೀತ ತಣ್ಣಗೆ ಹರಿಯುತ್ತಿತ್ತು. ಕೇಳಿದರೆ ಹತ್ತೇ ನಿಮಿಷಕ್ಕೆ ನನಗೆ ನಿದ್ದೆ ಬರುತ್ತದೆ ಎಂದು ಛೇಡಿಸಿದರೆ, ಹಂಗಾದರೆ ಕೆಲಸ ಚಲೋ ಆಗೈತಿ ಎಂದು ನಗುತ್ತಿದ್ದರು. ಹಳೆಯ ಗಿರಾಕಿಗಳಿಗೆ ಮಾತ್ರ ಆ ಯಂತ್ರದ ಮೇಲೆ ಸಿಟ್ಟು. ಜೀವ ಇಲ್ಲದ ಡಬ್ಬಿ ಎನ್ನುತ್ತಿದ್ದರು.

ನಾನು ಜೀವನದಲ್ಲಿ ಮಾಡಿದ್ದು ಒಂದೇ ಸಾಕ್ಷ್ಯಚಿತ್ರ. ಖಾನಾಪುರದ ಹತ್ತಿರದ ಗುಂಜಿಯ ಅಜ್ಜಿಯೊಬ್ಬಳು ಬೀಸುವ ಕಲ್ಲಿನ ಮುಂದೆ ಕೂತು ಮರಾಠಿ ಓವಿ ಹಾಡುವವಳು. ಅವಳ ಒಂದು ದಿನವನ್ನು ಮುಂಜಾನೆಯಿಂದ ಸಂಜೆಯವರೆಗೆ ಹಿಡಿದಿದ್ದೆ. ಸಂಗೀತಕ್ಕೆ ಕಾಕಾನನ್ನೇ ಕೇಳಿದೆ. ಅವರ ನಿಧಾನ ಆ ಕಲ್ಲಿನ ನಿಧಾನಕ್ಕೆ ಹೊಂದುತ್ತದೆ ಎಂದು ನನಗೆ ಖಾತ್ರಿಯಿತ್ತು. ಈಗಲೂ ಹೇಳುತ್ತೇನೆ, ಆ ಆಯ್ಕೆ ತಪ್ಪಾಗಿರಲಿಲ್ಲ.

ಕಾಕಾ ಚಿತ್ರ ನೋಡುವ ಮೊದಲೇ ಅಜ್ಜಿಯನ್ನು ನೋಡಬೇಕೆಂದರು. ಇಬ್ಬರೂ ರೈಲು ಹತ್ತಿ ಗುಂಜಿಗೆ ಹೋದೆವು. ಅಜ್ಜಿ ಹಾಡುವಾಗ ಅವರು ಪಕ್ಕದಲ್ಲಿ ಕೂತು, ತಂದಿದ್ದ ಸಣ್ಣ ಹಾರ್ಮೋನಿಯಂನಲ್ಲಿ ಅವಳ ಷಡ್ಜ ಹುಡುಕಿದರು. ಮೊದಲ ಕರಿ ಮನೆ, ಅಂದರೆ ಕರಿ ಒಂದು ಒತ್ತಿದರು, ತುಸು ಕೆಳಗಾಯಿತು. ಅದರ ಪಕ್ಕದ ಬಿಳಿ ಎರಡು ಒತ್ತಿದರು, ಮೇಲಾಯಿತು. ಅಜ್ಜಿಯ ದನಿ ಎರಡು ಮನೆಗಳ ನಡುವಿನ ಸಂದಿಯಲ್ಲಿ ಆರಾಮಾಗಿ ಕೂತಿತ್ತು. ಕಾಕಾ ಪೆಟ್ಟಿಗೆ ಮುಚ್ಚಿದರು.

“ನಲ್ವತ್ತ ವರ್ಸ ಎಲ್ಲಾರ ದನೀನೂ ಈ ಮನಿಗೆ ತಂದು ಕುಂದರ್ಸೀನಿ, ತಂಗಿ. ಈ ಆಯಿ ಬರಾಕಿ ಅಲ್ಲ. ನಾವ ಆಕಿ ಕಡೆ ಹೋಗೂಣು.”

ಹಾರ್ಮೋನಿಯಂಗೆ ಅದು ಆಗದ ಕೆಲಸ. ಜೀವ ಇಲ್ಲದ ಡಬ್ಬಿಗೆ ಆಗುತ್ತಿತ್ತು. ಕಾಕಾ ಅದರ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸುತ್ತ, ಚಿತ್ರದಲ್ಲಿನ ಅಜ್ಜಿಯ ದನಿಯೊಂದಿಗೆ ತಾಳೆ ನೋಡುತ್ತ ಮೂರು ದಿನ ಕಳೆದರು. ಆಮೇಲೆಯೇ ಮೊದಲ ಸ್ವರ ನುಡಿಸಿದ್ದು.

ಮುಂದಿನದು ನನ್ನ ಜಾಣತನ. ಕಾಕಾನ ಸಂಗೀತವನ್ನಷ್ಟೇ, ಸದ್ದು ಸ್ವಚ್ಛ ಮಾಡಿಸಲೆಂದು, ಬೇರೆ ಊರಿನ ಸ್ಟುಡಿಯೋಕ್ಕೆ ಕಳಿಸಿದ್ದೆ. ಅಲ್ಲಿಯವರು ಫೋನ್ ಮಾಡಿ, ಸಂಗೀತವೆಲ್ಲ ಶ್ರುತಿ ತಪ್ಪಿದೆ, ಹಳೆಯ ಯಂತ್ರ ಇರಬೇಕು, ಸರಿಮಾಡಲೇ ಎಂದರು. ಕಾಕಾನನ್ನು ಒಂದು ಮಾತು ಕೇಳಬಹುದಿತ್ತು. ಪಾಪ, ಹಿರಿಯರಿಗೆ ಮುಜುಗರ ಯಾಕೆ ಎಂದುಕೊಂಡು ಹೂಂ ಎಂದುಬಿಟ್ಟೆ. ಗುಂಜಿಯಲ್ಲಿ ಅವರು ಪೆಟ್ಟಿಗೆ ಮುಚ್ಚಿದ್ದು ಆ ಗಳಿಗೆಗೆ ನೆನಪೇ ಆಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಸಿದ್ಧವಾಗಿ ಬಂದದ್ದನ್ನು ಪೂರ್ತಿ ಕೇಳುವ ತಾಳ್ಮೆಯೂ ಇಲ್ಲದೆ ಚಿತ್ರಕ್ಕೆ ಜೋಡಿಸಿಬಿಟ್ಟೆ.

ಮೊದಲ ಪ್ರದರ್ಶನ ಖಾನಾಪುರದ ಒಂದು ಸಭಾಭವನದಲ್ಲಿ. ಅಜ್ಜಿಯೂ ಕಾಕಾನೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ಓವಿ ಶುರುವಾಗಿ ಸಂಗೀತ ಕೂಡಿಕೊಂಡಿದ್ದೇ ತಡ, ನಾನು ಮಾಡಿದ್ದೇನೆಂದು ತಿಳಿಯಿತು. ಸಂಗೀತ ಅಚ್ಚುಕಟ್ಟಾಗಿ ಕರಿ ಒಂದರಲ್ಲಿತ್ತು. ಅಜ್ಜಿಯೇ ಅಪಸ್ವರ ಹಾಡಿದಂತೆ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜಿ ಕಾಕಾನ ಕಡೆ ಬಾಗಿ, ನಾನು ತಪ್ಪು ಹಾಡಿದೆನೇ ಎಂದು ಮರಾಠಿಯಲ್ಲಿ ಕೇಳಿದಳು. ಅವಳ ಮುಖ ಸಣ್ಣದಾಗಿತ್ತು.

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಎದ್ದು ನಿಂತು ಜನರ ಕಡೆ ತಿರುಗಿದರು.

“ಆಯೀ ಹಾಡು ಖರೇ ಐತ್ರಿ. ನನ್ನ ಮಷಿನ್ ತಪ್ಪೈತಿ.”

ಅದನ್ನೇ ಅಜ್ಜಿಗೆ ಮರಾಠಿಯಲ್ಲೂ ಹೇಳಿ ಕೂತರು. ತಿರುಗಿ ಬರುವಾಗ ಬಸ್ಸಿನಲ್ಲಿ ಎಲ್ಲ ಒಪ್ಪಿಕೊಂಡೆ. ಗೊತ್ತಿತ್ತು ಎಂದರು. ಮಷಿನ್‌ನ ಶ್ರುತಿ ತಾನಾಗಿ ಕರಿ ಒಂದಕ್ಕೆ ಇಳಿಯುವುದಿಲ್ಲವಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಗಾವಿ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು.

“ಸರಿ ಮಾಡ್ಸು. ಮೊದಲ ಆಯಿಗೆ ಕೇಳ್ಸು.”

ಸರಿ ಮಾಡಿಸಿದೆ. ಅದು ಕೈಗೆ ಬರುವ ಹೊತ್ತಿಗೆ ಕಾಕಾ ಇರಲಿಲ್ಲ… ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ನಾನೊಬ್ಬಳೇ ಗುಂಜಿಗೆ ಹೋಗಿ ಅಜ್ಜಿಗೆ ಕೇಳಿಸಿದೆ. ಕಾಕಾನ ಸ್ವರ ಅವಳ ದನಿಯ ಬಾಜು ಬಂದು ಕೂತಿತು, ಎಲ್ಲಿ ಕೂಡಿತೆಂದೇ ತಿಳಿಯಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಆ ಮಷಿನ್‌ನವರು ಯಾಕೆ ಬರಲಿಲ್ಲ ಎಂದಳು. ಹೇಳಿದೆ. ಇನ್ನೊಮ್ಮೆ ಹಚ್ಚು ಎಂದಳು.

ಈಗ ಅಜ್ಜಿಯೂ ಇಲ್ಲ. ಚಿತ್ರ ಅಲ್ಲಲ್ಲಿ ಓಡಾಡುತ್ತಿದೆ, ಅದರ ಸಂಗೀತವನ್ನು ತಿಳಿದವರು ಮೆಚ್ಚುತ್ತಾರೆ. ಆದರೆ ಮೊನ್ನೆ ಖಾನಾಪುರದ ಮದುವೆಯೊಂದರಲ್ಲಿ ಸಿಕ್ಕವರೊಬ್ಬರು, ಅವತ್ತು ಮುದುಕನ ಮಷಿನ್ ಕೈಕೊಟ್ಟಿತ್ತಲ್ಲ ಎಂದು ನಕ್ಕರು. ಕಾಕಾ ಹೊತ್ತುಕೊಂಡ ತಪ್ಪು ಆ ಊರಿನಲ್ಲಿ ಇನ್ನೂ ಅವರ ಹೆಸರಿನಲ್ಲೇ ಇದೆ. ಅದಕ್ಕೇ ಇದನ್ನು ಬರೆದೆ. ಆ ಮಷಿನ್ ಸರಿಯಾಗಿಯೇ ಇತ್ತು. ಶ್ರುತಿ ಕೆಡಿಸಿದವಳು ನಾನು, ಅವತ್ತು ಎದ್ದು ನಿಲ್ಲಬೇಕಾಗಿದ್ದವಳೂ ನಾನೇ.